‘ಗನ್ ಇರುವವರ ಕಾರನ್ನೇ ಕಳ್ಳರು ಹುಡುಕುತ್ತಿದ್ದಾರಂತೆ’: ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ನಾನಿರುವುದು ಟೆನೆಸಿಯ ನ್ಯಾಶ್‌ವಿಲ್ ಹತ್ತಿರ. ‘ಎಚ್ಚರ! ಗನ್ ಇಟ್ಟುಕೊಂಡವರ ಕಾರುಗಳನ್ನೇ ಹುಡುಕಿ ಗಾಜು ಒಡೆಯುವ ಗ್ಯಾಂಗ್ ಬಂದಿದೆ. ಶೂಟಿಂಗ್ ರೇಂಜ್‌ನಿಂದ ಹಿಂದೆಯೇ ಬರುತ್ತಾರೆ. ಕಾರಿನ ಬಾಗಿಲಿನ ಹಿಡಿಗೆ ಕೆಂಪು ದಾರ ಕಟ್ಟಿ ಗುರುತು ಮಾಡುತ್ತಾರೆ. ಪೊಲೀಸರೇ ಹೇಳಿದ್ದು. ಎಲ್ಲರಿಗೂ ಕಳಿಸಿ.’ ಸಂಜೆಯೊಳಗೆ ಅದೇ ಮೆಸೇಜ್ ಇನ್ನೂ ಮೂರು ಗುಂಪುಗಳಲ್ಲಿ ನನಗೆ ಬಂತು.

ನನ್ನ ಗೆಳೆಯರೊಬ್ಬರು ಅದನ್ನು ಓದಿ ತುಂಬಾ ಗಾಬರಿಯಾದರು. ದಿನಾ ಬೆಳಿಗ್ಗೆ ಕಾರಿನ ಹಿಡಿಗೆ ದಾರ ಕಟ್ಟಿದೆಯಾ ಅಂತ ನೋಡುತ್ತಿದ್ದರು. ಎರಡು ವಾರ ಕಳೆಯಿತು. ಒಂದು ರಾತ್ರಿ ಅವರ ಮನೆ ಮುಂದೆಯೇ ನಿಂತಿದ್ದ ಕಾರಿನಿಂದ ಗನ್ ಹೋಯಿತು. ದಾರ ಇರಲಿಲ್ಲ. ಗಾಜೂ ಒಡೆದಿರಲಿಲ್ಲ. ಕಾರು ಲಾಕ್ ಆಗಿರಲಿಲ್ಲ, ಅಷ್ಟೇ. ಗನ್ ಗ್ಲವ್ ಬಾಕ್ಸ್‌ನಲ್ಲಿತ್ತು. ಎದುರು ಮನೆಯವರ ಕ್ಯಾಮೆರಾದಲ್ಲಿ ಎಲ್ಲಾ ಕಾಣುತ್ತದೆ. ಇಬ್ಬರು ಹುಡುಗರು ಬೀದಿಯುದ್ದಕ್ಕೂ ಒಂದೊಂದೇ ಕಾರಿನ ಹಿಡಿ ಎಳೆದು ನೋಡುತ್ತಾ ಬರುತ್ತಾರೆ. ಬಾಗಿಲು ತೆಗೆಯದಿದ್ದರೆ ಮುಂದಿನ ಕಾರಿಗೆ ಹೋಗುತ್ತಾರೆ. ಇವರದ್ದು ತೆಗೆಯಿತು.

ಗಾಳಿಮಾತು ಇವರಿಗೆ ಮಾಡಿದ ನಷ್ಟ ಇದೇ. ಹೆದರಿಕೆಯನ್ನು ತಪ್ಪು ಜಾಗಕ್ಕೆ ತಿರುಗಿಸಿತು. ಅದಕ್ಕೇ ಈ ಬರಹ. ಇಂಥ ಮೆಸೇಜ್ ಬಂದರೆ ಹೇಗೆ ಪರೀಕ್ಷಿಸಬೇಕು, ಕಾರಿನಲ್ಲಿ ಗನ್ ಇಡಲೇಬೇಕಾದರೆ ಹೇಗೆ ಇಡಬೇಕು, ಕಳುವಾದರೆ ಏನು ಮಾಡಬೇಕು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಗನ್ ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಅದು ನಿಮ್ಮ ಮನೆಯ ತೀರ್ಮಾನ.

ಹೆಜ್ಜೆ 1: ಮೆಸೇಜನ್ನು ಎರಡು ತುಂಡು ಮಾಡಿ

ಇಂಥ ಮೆಸೇಜ್‌ನಲ್ಲಿ ಎರಡು ಮಾತು ಬೆರೆತಿರುತ್ತವೆ. ಒಂದು, ‘ಕಾರುಗಳಿಂದ ಗನ್ ಕಳುವಾಗುತ್ತಿದೆ’. ಇನ್ನೊಂದು, ‘ಗನ್ ಇರುವವರನ್ನು ಗುರುತು ಹಿಡಿದು ಕದಿಯುತ್ತಿದ್ದಾರೆ’. ಮೊದಲನೆಯದು ನಿಜ. ಬರೀ ನಿಜವಲ್ಲ, ಮೆಸೇಜ್ ಹೇಳುವುದಕ್ಕಿಂತ ದೊಡ್ಡ ನಿಜ. ಎರಡನೆಯದು ಬಹುತೇಕ ಸಲ ಯಾರೋ ಸೇರಿಸಿದ ಮಸಾಲೆ.

ಬೇರೆ ಮಾಡಿದ ಮೇಲೆ ಈ ಪ್ರಶ್ನೆಗಳನ್ನು ಕೇಳಿ. ಯಾವ ಊರು? ಯಾವ ದಿನ? ‘ಪೊಲೀಸರೇ ಹೇಳಿದ್ದು’ ಅಂದರೆ ಯಾವ ಪೊಲೀಸ್ ಇಲಾಖೆ? ಇಲ್ಲಿ ಸಿಟಿ ಪೊಲೀಸ್ ಬೇರೆ, ಕೌಂಟಿ ಶೆರಿಫ್ ಬೇರೆ, ರಾಜ್ಯದ ಪೊಲೀಸ್ ಬೇರೆ. ನಿಜವಾದ ಎಚ್ಚರಿಕೆಯಲ್ಲಿ ಇಲಾಖೆಯ ಹೆಸರು, ತಾರೀಖು, ಮಾಹಿತಿ ಕೊಡಲು ಒಂದು ನಂಬರ್ ಇರುತ್ತದೆ. ಗಾಳಿಮಾತಿನಲ್ಲಿ ‘ನಮ್ಮ ಭಾವನ ಆಫೀಸಿನವರೊಬ್ಬರು’ ಇರುತ್ತಾರೆ. ನಿಮ್ಮ ಊರಿನ ಪೊಲೀಸ್ ಇಲಾಖೆಯ ಸ್ವಂತ ಪುಟ ನೋಡಿ. ಅಲ್ಲಿ ಇಲ್ಲದಿದ್ದರೆ ಅವರ ನಾನ್-ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ ಕೇಳಿ. ಇದಕ್ಕೆ 911 ಬೇಡ. ಇಷ್ಟಕ್ಕೆಲ್ಲ ಹತ್ತು ನಿಮಿಷ ಸಾಕು.

ಈ ಥರದ ಸುದ್ದಿ ವಾಟ್ಸಾಪ್‌ನಿಂದ ಶುರುವಾದದ್ದಲ್ಲ. 1993ರಲ್ಲಿ ಅಮೆರಿಕದ ಆಫೀಸುಗಳಲ್ಲೆಲ್ಲ ಒಂದು ಫ್ಯಾಕ್ಸ್ ಓಡಾಡಿತು. ‘ಹೆಡ್‌ಲೈಟ್ ಹಾಕದೆ ಬರುವ ಕಾರಿಗೆ ನೀವು ಲೈಟ್ ಮಿನುಗಿಸಿ ನೆನಪಿಸಿದರೆ, ಅದರಲ್ಲಿರುವ ಗ್ಯಾಂಗಿನವರು ನಿಮ್ಮನ್ನು ಅಟ್ಟಿಸಿಕೊಂಡು ಬಂದು ಕೊಲ್ಲುತ್ತಾರೆ’ ಅಂತ. ಅದು ಸುಳ್ಳು ಅಂತ ಪೊಲೀಸರು ಹೇಳಿದರೂ ವರ್ಷಗಟ್ಟಲೆ ತಿರುಗುತ್ತಲೇ ಇತ್ತು. ಒಳ್ಳೆಯ ಕೆಲಸ ಮಾಡಲು ಹೋದವರೇ ಗುರಿ, ಗುಟ್ಟಿನ ಒಂದು ಗುರುತು, ಎಲ್ಲರಿಗೂ ತಿಳಿಸಿ ಅನ್ನುವ ಅವಸರ. ಈ ಮೂರೂ ಒಟ್ಟಿಗೆ ಕಂಡರೆ ನಿಲ್ಲಿಸಿ ಓದಿ.

ದಾರ, ಸೀಮೆಸುಣ್ಣದ ಗೆರೆ, ಸ್ಟಿಕ್ಕರ್ ಅಂಟಿಸಿ ಗುರುತು ಮಾಡುತ್ತಾರೆ ಅನ್ನುವುದನ್ನು ಸ್ವಲ್ಪ ಯೋಚನೆ ಮಾಡಿ ನೋಡಿ. ಕಾರಿನ ಗಾಜು ಒಡೆಯಲು ಕೆಲವು ಸೆಕೆಂಡ್ ಸಾಕು. ಕಳ್ಳ ಕಾರಿನ ಹತ್ತಿರ ಬಂದು ದಾರ ಕಟ್ಟಿ, ಹೋಗಿ, ಮತ್ತೆ ಬರುವುದು ಯಾಕೆ? ಎರಡು ಸಲ ಕ್ಯಾಮೆರಾಗೆ ಮುಖ ಯಾಕೆ ತೋರಿಸುತ್ತಾನೆ?

ಆದರೂ ‘ಗನ್ ಇರುವವರ ಪಟ್ಟಿ ಕಳ್ಳರ ಕೈಯಲ್ಲಿದೆ’ ಅನ್ನುವ ಹೆದರಿಕೆಗೆ ಒಂದು ಬೇರು ಇದೆ. ಅದನ್ನು ತಳ್ಳಿಹಾಕಬಾರದು. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ‘ದಿ ಜರ್ನಲ್ ನ್ಯೂಸ್’ ಪತ್ರಿಕೆ ವೆಸ್ಟ್‌ಚೆಸ್ಟರ್ ಮತ್ತು ರಾಕ್‌ಲ್ಯಾಂಡ್ ಕೌಂಟಿಗಳ ಪಿಸ್ತೂಲ್ ಪರ್ಮಿಟ್ ಇರುವವರ ಹೆಸರು, ವಿಳಾಸಗಳನ್ನು ನಕ್ಷೆಯಾಗಿ ಹಾಕಿತು. ದೊಡ್ಡ ಗಲಾಟೆಯಾಗಿ ಮುಂದಿನ ತಿಂಗಳೇ ತೆಗೆಯಬೇಕಾಯಿತು. 2022ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆಯ ಹೊಸ ಪುಟದಿಂದ, ಬಚ್ಚಿಟ್ಟುಕೊಂಡು ಗನ್ ಒಯ್ಯುವ ಪರ್ಮಿಟ್‌ಗೆ ಅರ್ಜಿ ಹಾಕಿದ ಸುಮಾರು 1,92,000 ಜನರ ವಿವರ ಹೊರಬಿತ್ತು. ಹಾಗಾಗಿ ಪಟ್ಟಿ ಸೋರುವುದು ಸುಳ್ಳಲ್ಲ. ಆದರೆ ಅದು ಮನೆಯ ವಿಳಾಸದ ಪಟ್ಟಿ. ಮಾಲ್ ಮುಂದೆ ನಿಂತ ಕಾರನ್ನು ಅದರಿಂದ ಹುಡುಕಲು ಆಗುವುದಿಲ್ಲ, ಅಲ್ವಾ?

ಹೆಜ್ಜೆ 2: ಕಳ್ಳರು ನಿಜವಾಗಿ ಮಾಡುವುದೇನು ಅಂತ ತಿಳಿದುಕೊಳ್ಳಿ

ಅಮೆರಿಕದ ಗನ್ ಉಸ್ತುವಾರಿ ಇಲಾಖೆಗೆ ಎಟಿಎಫ್ ಅಂತ ಹೆಸರು. ಅದರ ಲೆಕ್ಕದಲ್ಲಿ 2017ರಿಂದ 2021ರವರೆಗೆ 10 ಲಕ್ಷಕ್ಕೂ ಹೆಚ್ಚು ಗನ್‌ಗಳು ಕಳುವಾಗಿವೆ ಅಂತ ದೂರು ದಾಖಲಾಗಿದೆ. ಅದರಲ್ಲಿ ಶೇ 95ಕ್ಕೂ ಜಾಸ್ತಿ ಹೋದದ್ದು ಅಂಗಡಿಯಿಂದಲ್ಲ. ನಮ್ಮ ನಿಮ್ಮಂಥವರ ಮನೆ ಮತ್ತು ಕಾರುಗಳಿಂದ. ಗನ್ ನಿಯಂತ್ರಣದ ಪರ ಕೆಲಸ ಮಾಡುವ ಎವ್ರಿಟೌನ್ ಅನ್ನುವ ಸಂಸ್ಥೆ ಎಫ್‌ಬಿಐ ಅಂಕಿಅಂಶ ಇಟ್ಟುಕೊಂಡು 337 ನಗರಗಳ 2022ರ ಲೆಕ್ಕ ನೋಡಿತು. ಕಳುವಾದ ಗನ್‌ಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಹನಗಳಿಂದ ಹೋಗಿದ್ದವು. ಹತ್ತು ವರ್ಷದ ಹಿಂದೆ ಅದು ಕಾಲು ಭಾಗವೂ ಇರಲಿಲ್ಲ. ಆ ಕಾರುಗಳು ಎಲ್ಲಕ್ಕಿಂತ ಹೆಚ್ಚು ಸಲ ಎಲ್ಲಿ ನಿಂತಿದ್ದವು ಗೊತ್ತಾ? ಮನೆ ಮುಂದೆ, ಡ್ರೈವ್‌ವೇನಲ್ಲಿ.

ನಮ್ಮ ನ್ಯಾಶ್‌ವಿಲ್‌ನಲ್ಲೇ 2022ರಲ್ಲಿ ವಾಹನಗಳಿಂದ 1,300ಕ್ಕೂ ಹೆಚ್ಚು ಗನ್ ಕಳುವಾದವು. ಇಲ್ಲಿನ ಪೊಲೀಸರು ಇದನ್ನು ಆಗಾಗ ಲೆಕ್ಕ ಹಾಕಿ ಹೇಳುತ್ತಲೇ ಇರುತ್ತಾರೆ. ಪ್ರತಿ ಸಲವೂ ಅವರ ಮಾತು ಒಂದೇ. ಬಾಗಿಲು ಲಾಕ್ ಮಾಡಿ, ಕೀ ಬಿಡಬೇಡಿ, ಬೆಲೆಬಾಳುವ ವಸ್ತು ಕಾಣುವಂತೆ ಇಡಬೇಡಿ. ಕೇಳಲು ಸಪ್ಪೆ. ಆದರೆ ಕಳ್ಳತನ ನಡೆಯುವುದೇ ಈ ಸಪ್ಪೆ ಜಾಗದಲ್ಲಿ.

ಕೆಲವು ಪಾರ್ಕಿಂಗ್ ಜಾಗಗಳಲ್ಲಿ ಗನ್ ಸಿಗುವ ಸಂಭವ ಜಾಸ್ತಿ ಅನ್ನುವುದು ಮಾತ್ರ ನಿಜ. ಅದಕ್ಕೆ ಪಟ್ಟಿ ಬೇಕಿಲ್ಲ. ಸ್ಟೇಡಿಯಂ, ಸಂಗೀತ ಕಾರ್ಯಕ್ರಮ, ಬಾರ್, ಕೋರ್ಟು, ಇಂಥ ಕಡೆ ಹೆಚ್ಚಾಗಿ ಒಳಗೆ ಗನ್ ಒಯ್ಯುವಂತಿಲ್ಲ. ಟೆಕ್ಸಾಸ್‌ನಲ್ಲಿ ಇರುವವರಿಗೆ ಬಾರ್ ಬಾಗಿಲಿನ ಕೆಂಪು 51% ಬೋರ್ಡು, ಅಂದರೆ ಒಳಗೆ ಗನ್ ತರಬೇಡಿ ಅನ್ನುವ ಬೋರ್ಡು, ಗೊತ್ತಿರುತ್ತದೆ. ಆ ಬೋರ್ಡು ಕಂಡವರು ಏನು ಮಾಡುತ್ತಾರೆ? ಸೊಂಟದಿಂದ ತೆಗೆದು ಕಾರಿನಲ್ಲಿ ಇಟ್ಟು ಒಳಗೆ ಹೋಗುತ್ತಾರೆ. ಇದು ಕಳ್ಳನಿಗೂ ಗೊತ್ತು. ಟೆಕ್ಸಾಸ್ ಮತ್ತು ಟೆನೆಸಿ ಎರಡರಲ್ಲೂ 2021ರಿಂದ ಪರ್ಮಿಟ್ ಇಲ್ಲದೆಯೇ ಹ್ಯಾಂಡ್‌ಗನ್ ಒಯ್ಯಬಹುದು. ಗನ್ ಜೊತೆ ಓಡಾಡುವವರು ಜಾಸ್ತಿಯಾದರೆ, ಅದನ್ನು ಕಾರಿನಲ್ಲಿ ಬಿಟ್ಟು ಇಳಿಯುವವರೂ ಜಾಸ್ತಿಯಾಗುತ್ತಾರೆ.

ಕದ್ದ ಗನ್ ಎಷ್ಟು ಬೇಗ ಕೈ ಬದಲಾಗುತ್ತದೆ ಅನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಘಟನೆ ನನ್ನ ಮನಸ್ಸಿನಿಂದ ಹೋಗಿಲ್ಲ. 2015ರ ಜೂನ್ 27ರಂದು ಕೇಂದ್ರ ಸರ್ಕಾರದ ಒಬ್ಬ ರೇಂಜರ್ ಅಲ್ಲಿ ತಮ್ಮ ಕಾರು ನಿಲ್ಲಿಸಿದ್ದರು. ಕಳ್ಳರು ಕಾರಿನಿಂದ ಬ್ಯಾಗ್ ಹೊತ್ತೊಯ್ದರು. ಅದರಲ್ಲಿ ಗನ್ ಇತ್ತು. ನಾಲ್ಕೇ ದಿನ. ಜುಲೈ 1ರಂದು ಅದೇ ಗನ್ನಿನ ಗುಂಡು ತಗುಲಿ, ಸಮುದ್ರದ ಪಕ್ಕ ಅಪ್ಪನ ಜೊತೆ ನಡೆಯುತ್ತಿದ್ದ 32 ವರ್ಷದ ಹೆಣ್ಣುಮಗಳು ತೀರಿಕೊಂಡಳು. ಗನ್ ಇಟ್ಟುಕೊಳ್ಳುವುದೇ ಕೆಲಸವಾಗಿದ್ದವರ ಕಾರಿನಿಂದ ಹೋದದ್ದು ಅದು.

ಹೆಜ್ಜೆ 3: ನಿಮಗೆ ಅನುಮತಿ ಇದೆಯಾ, ಮೊದಲು ಅದನ್ನು ನೋಡಿ

ನಮ್ಮವರಲ್ಲಿ ಹಲವರಿಗೆ ಇದು ಗೊತ್ತಿಲ್ಲ. ಎಚ್-1ಬಿ, ಎಫ್-1 ಥರದ ವೀಸಾದ ಮೇಲೆ ಇರುವವರು ಗನ್ ಆಗಲಿ ಗುಂಡು ಆಗಲಿ ಇಟ್ಟುಕೊಳ್ಳುವಂತಿಲ್ಲ. ಇದು ಕೇಂದ್ರ ಕಾನೂನು. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿ ಥರ ಕೆಲವು ಬಾಗಿಲುಗಳು ಇವೆ. ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಳ್ಳಬೇಡಿ. ಗ್ರೀನ್ ಕಾರ್ಡ್ ಬಂದವರಿಗೆ, ನಾಗರಿಕರಿಗೆ ಈ ತಡೆ ಇಲ್ಲ. ಗನ್ ವಿಷಯದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು. ಗೆಳೆಯರ ಕಾರು ಎರವಲು ತಂದಿದ್ದೀರಿ, ಅದರ ಕನ್ಸೋಲ್‌ನಲ್ಲಿ (ಮುಂದಿನ ಎರಡು ಸೀಟುಗಳ ನಡುವಿನ ಪೆಟ್ಟಿಗೆಯಲ್ಲಿ) ಅವರ ಗನ್ ಇದೆ ಅಂದುಕೊಳ್ಳಿ. ನೀವು ವೀಸಾದಲ್ಲಿದ್ದರೆ ಅದು ಸಣ್ಣ ವಿಷಯ ಅಲ್ಲ. ಕಾರು ಇಸಿದುಕೊಳ್ಳುವಾಗ ‘ಅಣ್ಣ, ಒಳಗೆ ಗನ್ ಏನೂ ಇಲ್ಲ ತಾನೆ?’ ಅಂತ ಕೇಳಲು ನಾಚಿಕೊಳ್ಳಬೇಡಿ.

ಆಮೇಲೆ ರಾಜ್ಯದ ಕಾನೂನು. ಒಂದೊಂದು ಕಡೆ ಒಂದೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ, ಯಾರೂ ಇಲ್ಲದ ಕಾರಿನಲ್ಲಿ ಹ್ಯಾಂಡ್‌ಗನ್ ಬಿಡುವುದಾದರೆ ಅದು ಡಿಕ್ಕಿಯಲ್ಲಿ ಬೀಗದೊಳಗೆ ಇರಬೇಕು. ಇಲ್ಲವೇ ಹೊರಗೆ ಕಾಣದಂತೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಬೇಕು. ಪೊಲೀಸರಿಗೂ ಇದೇ ನಿಯಮ. ಕೊಲರಾಡೊದಲ್ಲಿ 2025ರ ಜನವರಿ 1ರಿಂದ ಹ್ಯಾಂಡ್‌ಗನ್ನಿಗೆ ಗಟ್ಟಿ ಪೆಟ್ಟಿಗೆ, ಅದಕ್ಕೆ ಬೀಗ, ಹೊರಗೆ ಕಾಣಬಾರದು, ಕಾರೂ ಲಾಕ್ ಆಗಿರಬೇಕು. ಟೆಕ್ಸಾಸ್, ಟೆನೆಸಿ ಥರದ ಕಡೆ ಆಫೀಸಿನವರು ಗನ್ ಬೇಡ ಅಂದರೂ, ಕಾನೂನಿನ ಪ್ರಕಾರ ಗನ್ ಇಟ್ಟುಕೊಂಡವರು ಲಾಕ್ ಮಾಡಿದ ಸ್ವಂತ ಕಾರಿನಲ್ಲಿ ಇಟ್ಟುಕೊಂಡು ಆಫೀಸಿನ ಪಾರ್ಕಿಂಗ್‌ಗೆ ಬರಲು ಕಾನೂನಿನ ರಕ್ಷಣೆ ಇದೆ. ಅದಕ್ಕೂ ಹೊರತಾದ ಜಾಗಗಳಿವೆ. ನಿಮ್ಮ ರಾಜ್ಯದ ನಿಯಮವನ್ನು ರಾಜ್ಯ ಸರ್ಕಾರದ ಪುಟದಲ್ಲೇ ಓದಿ.

ರಾಜ್ಯ ದಾಟುವಾಗ ಇನ್ನೂ ಹುಷಾರು. ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ನಡೆಯದೇ ಇರಬಹುದು. 1986ರ ಕೇಂದ್ರ ಕಾನೂನು ಪ್ರಯಾಣಿಕರಿಗೆ ಒಂದು ರಕ್ಷಣೆ ಕೊಡುತ್ತದೆ. ಹೊರಟ ಜಾಗ, ತಲುಪುವ ಜಾಗ ಎರಡರಲ್ಲೂ ಆ ಗನ್ ಕಾನೂನಿಗೆ ಒಪ್ಪಿಗೆಯಾಗಿರಬೇಕು. ಗುಂಡು ತೆಗೆದಿರಬೇಕು. ಗನ್ನೂ ಗುಂಡೂ ಕೂತವರ ಕೈಗೆ ಸಿಗುವಂತಿರಬಾರದು. ಡಿಕ್ಕಿ ಬೇರೆ ಇಲ್ಲದ ಕಾರಿನಲ್ಲಿ ಬೀಗ ಹಾಕಿದ ಪೆಟ್ಟಿಗೆ ಬೇಕು. ಗ್ಲವ್ ಬಾಕ್ಸ್ ಮತ್ತು ಕನ್ಸೋಲ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾನೂನೇ ಬಾಯಿಬಿಟ್ಟು ಹೇಳುತ್ತದೆ.

ಹೆಜ್ಜೆ 4: ರಾತ್ರಿ ಕಾರಿನಲ್ಲಿ ಬಿಡಬೇಡಿ

ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಕಾರು ಗನ್ ಇಡುವ ಜಾಗ ಅಲ್ಲ. ಮನೆಗೆ ಬಂದ ಕೂಡಲೇ ಒಳಗೆ ತಂದು ಬೀಗದೊಳಗೆ ಇಡಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಎರಡು ಮಾತಿಲ್ಲ.

ನಾನು ಸೋಮವಾರಪೇಟೆ ಕಡೆಯವನು. ಕೊಡಗಿನಲ್ಲಿ ಕೋವಿ ಎಂದರೆ ಮನೆಯ ಒಂದು ಜೀವ ಇದ್ದ ಹಾಗೆ. ಕೈಲ್‌ಪೊಳ್ದ್ ಹಬ್ಬಕ್ಕೆ ಅದನ್ನು ಒರೆಸಿ, ತೋಕ್‌ಪೂ ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅದನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಗನ್ ಜೊತೆ ಬೆಳೆದವರ ಊರು ಅದು. ಆದರೆ ನಮ್ಮ ಪಕ್ಕದ ಮನೆಯ ಅಜ್ಜ ಕೋವಿಯನ್ನು ಜೀಪಿನಲ್ಲಿ ಬಿಟ್ಟು ಸಂತೆಗೆ ಹೋದದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಇಲ್ಲಿಗೆ ಬಂದ ಮೇಲೆ, ಕಾರಿನಲ್ಲೇ ಗನ್ ವಾಸ ಮಾಡುವುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಇಲ್ಲಿನವರು ಅದಕ್ಕೆ ‘ಟ್ರಕ್ ಗನ್’ ಅಂತಲೇ ಹೆಸರಿಟ್ಟಿದ್ದಾರೆ.

ನಿಮ್ಮ ಆ ದಿನದ ಕೆಲಸಗಳಲ್ಲಿ ಎಲ್ಲೆಲ್ಲಿ ‘ಗನ್ ಬೇಡ’ ಬೋರ್ಡು ಇದೆ ಅಂತ ಮನೆ ಬಿಡುವ ಮುಂಚೆಯೇ ಯೋಚಿಸಿ. ಮಗುವಿನ ಶಾಲೆ, ಆಸ್ಪತ್ರೆ, ಆಟದ ಸ್ಟೇಡಿಯಂ. ಬರೀ ಅಂಥ ಕಡೆಗೇ ಹೋಗುವುದಾದರೆ ಗನ್ ಮನೆಯಲ್ಲೇ ಇರಲಿ. ಸುಮ್ನೆ ಕಾರಿನಲ್ಲಿ ಕೂರಿಸಿಟ್ಟರೆ ಅದರಿಂದ ನಿಮಗೇನೂ ರಕ್ಷಣೆ ಇಲ್ಲ.

ಫ್ಲಾರಿಡಾದ ಪ್ಯಾಸ್ಕೊ ಕೌಂಟಿ ಶೆರಿಫ್ ಕಚೇರಿ ‘ರಾತ್ರಿ 9 ಗಂಟೆಯ ರೂಢಿ’ ಅಂತ ಒಂದನ್ನು ಜನಪ್ರಿಯ ಮಾಡಿತು. ದಿನಾ 9ಕ್ಕೆ ಫೋನ್ ಅಲಾರಂ ಹೊಡೆದಾಗ ಕಾರಿನಿಂದ ಬೆಲೆಬಾಳುವುದನ್ನು ತೆಗೆದು, ಲಾಕ್ ಮಾಡಿ, ಮನೆ ಬಾಗಿಲು ಹಾಕಿ, ಹೊರಗಿನ ದೀಪ ಹಚ್ಚುವುದು. ನಮ್ಮ ಮನೆಯಲ್ಲಿ ಆ ಅಲಾರಂ ಇದೆ. ಮಗಳೇ ಹೋಗಿ ಲಾಕ್ ನೋಡಿ ಬರುತ್ತಾಳೆ.

ಹೆಜ್ಜೆ 5: ಬಿಡಲೇಬೇಕಾದರೆ, ಸರಿಯಾಗಿ ಬಿಡಿ

ಕೆಲವರಿಗೆ ತಪ್ಪಿಸಲು ಆಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವವರು, ಗ್ಯಾಸ್ ಸ್ಟೇಷನ್ (ಪೆಟ್ರೋಲ್ ಬಂಕ್) ಅಥವಾ ಮೋಟೆಲ್ ನಡೆಸುವವರು ನನಗೆ ಗೊತ್ತಿದ್ದಾರೆ. ಅವರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗ್ಲವ್ ಬಾಕ್ಸ್, ಕನ್ಸೋಲ್, ಸೀಟಿನ ಕೆಳಗೆ, ಬಾಗಿಲಿನ ಜೇಬು. ಕಳ್ಳರು ಮೊದಲು ಕೈ ಹಾಕುವುದೇ ಈ ನಾಲ್ಕು ಕಡೆ. ಗ್ಲವ್ ಬಾಕ್ಸ್‌ಗೆ ಬೀಗ ಇದ್ದರೂ ಅದು ಪ್ಲಾಸ್ಟಿಕ್. ಒಂದು ಸ್ಕ್ರೂಡ್ರೈವರ್ ಸಾಕು.

ಬೇಕಾದದ್ದು ಉಕ್ಕಿನ ಚಿಕ್ಕ ಲಾಕ್ ಬಾಕ್ಸ್. ಅದರ ಜೊತೆ ಉಕ್ಕಿನ ಕೇಬಲ್ ಬರುತ್ತದೆ. ಕೇಬಲ್ಲಿನ ಒಂದು ತುದಿಯ ಕುಣಿಕೆಯನ್ನು ಸೀಟಿನ ಕೆಳಗಿನ ಲೋಹದ ಚೌಕಟ್ಟಿಗೆ ಸುತ್ತಿ, ಇನ್ನೊಂದು ತುದಿಯನ್ನು ಬಾಕ್ಸಿನೊಳಗೆ ಸಿಕ್ಕಿಸಬೇಕು. ನೆಲಕ್ಕೆ ಬೋಲ್ಟ್ ಹಾಕಿರುವ ಸೀಟಿನ ಕಾಲು ಅಥವಾ ಹಳಿ ಸಿಕ್ಕರೆ ಒಳ್ಳೆಯದು. ತಲೆ ಇಡುವ ದಿಂಬಿನ ಕಂಬಿಗೆ ಕಟ್ಟಬೇಡಿ. ಅದು ಎಳೆದರೆ ಮೇಲೆ ಬರುತ್ತದೆ. ಪ್ಲಾಸ್ಟಿಕ್ ಹಿಡಿಕೆಗೂ ಬೇಡ. ಕಟ್ಟಿದ ಮೇಲೆ ಎರಡೂ ಕೈಯಲ್ಲಿ ಬಾಕ್ಸ್ ಹಿಡಿದು ಜೋರಾಗಿ ಎಳೆಯಿರಿ. ಅಲುಗಿ ಬಂದರೆ ಜಾಗ ಬದಲಿಸಿ. ಕೇಬಲ್ ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. ಉದ್ದ ಇದ್ದರೆ ಬಾಕ್ಸನ್ನು ಹೊರಗೆಳೆದು ಕೆಲಸ ಮಾಡಲು ಕಳ್ಳನಿಗೆ ಜಾಗ ಸಿಗುತ್ತದೆ. ಕಟ್ಟಿದ ಮೇಲೆ ಸೀಟನ್ನು ಹಿಂದೆ ಮುಂದೆ ಸರಿಸಿ ನೋಡಿ. ಕೇಬಲ್ ಹಳಿಗೆ ಸಿಕ್ಕಿಕೊಳ್ಳಬಾರದು. ಸೀಟಿನ ಕೆಳಗಿರುವ ಏರ್‌ಬ್ಯಾಗ್ ವೈರುಗಳ ತಂಟೆಗೂ ಹೋಗಬಾರದು.

ಸೆಡಾನ್ ಕಾರಾದರೆ ಡಿಕ್ಕಿಯೊಳಗೆ ಇಂಥ ಬಾಕ್ಸ್ ಕಟ್ಟುವುದು ಇನ್ನೂ ಉತ್ತಮ. ಎಸ್‌ಯುವಿ, ವ್ಯಾನ್‌ಗಳಿಗೆ ಡಿಕ್ಕಿ ಬೇರೆಯಾಗಿ ಇಲ್ಲ. ಗಾಜಿನಿಂದ ಕಾಣುತ್ತದೆ. ಅಂಥವಕ್ಕೆ ಕನ್ಸೋಲ್ ಒಳಗೇ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಪೆಟ್ಟಿಗೆಗಳು ಸಿಗುತ್ತವೆ. ಆಯಾ ಕಾರಿನ ಮಾಡೆಲ್‌ಗೆ ತಕ್ಕಂತೆ ಮಾಡಿರುತ್ತಾರೆ. ಬೆಲೆ ಜಾಸ್ತಿ, ಆದರೆ ನನ್ನ ಅನುಭವದಲ್ಲಿ ಅದು ದುಡ್ಡಿಗೆ ಮೋಸ ಇಲ್ಲ. ದುಡ್ಡಿನ ತೊಂದರೆ ಇದ್ದರೆ, ಪೊಲೀಸ್ ಇಲಾಖೆಗಳ ಮೂಲಕ ಪ್ರಾಜೆಕ್ಟ್ ಚೈಲ್ಡ್‌ಸೇಫ್ ಅನ್ನುವ ಕಾರ್ಯಕ್ರಮದಲ್ಲಿ ಉಚಿತವಾಗಿ ಕೇಬಲ್ ಲಾಕ್ ಕೊಡುತ್ತಾರೆ. ಒಂದು ಮಾತು ನೆನಪಿರಲಿ. ಆ ಲಾಕ್ ಗನ್ನಿನಿಂದ ಗುಂಡು ಹಾರದಂತೆ ತಡೆಯುತ್ತದೆ. ಕಳ್ಳ ಎತ್ತಿಕೊಂಡು ಹೋಗುವುದನ್ನು ತಡೆಯುವುದಿಲ್ಲ.

ಇನ್ನು, ಯಾವಾಗ ಇಡಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ಪಾರ್ಕಿಂಗ್‌ಗೆ ಬಂದು, ಕಾರು ನಿಲ್ಲಿಸಿ, ಅಲ್ಲೇ ಸೊಂಟದಿಂದ ತೆಗೆದು ಬಾಕ್ಸಿಗೆ ಹಾಕುತ್ತಾರೆ. ನೋಡುವವರಿಗೆ ಬೇರೆ ಗುರುತೇ ಬೇಡ. ‘ರೇಂಜ್‌ನಿಂದ ಹಿಂಬಾಲಿಸುತ್ತಾರೆ’ ಅನ್ನುವ ಮೆಸೇಜ್‌ನಲ್ಲಿ ಒಂದಿಷ್ಟು ಬುದ್ಧಿಮಾತು ಇದ್ದರೆ ಅದು ಇದೇ. ಮನೆಯಿಂದ ಹೊರಡುವಾಗಲೇ ಬಾಕ್ಸಿಗೆ ಹಾಕಿ. ಇಲ್ಲವೇ ದಾರಿಯಲ್ಲಿ ಯಾರೂ ಇಲ್ಲದ ಕಡೆ ನಿಲ್ಲಿಸಿ ಹಾಕಿ, ಆಮೇಲೆ ಪಾರ್ಕಿಂಗ್‌ಗೆ ಬನ್ನಿ. ತೆಗೆಯುವಾಗ, ಹಾಕುವಾಗ ಹೋಲ್ಸ್ಟರ್ (ಸೊಂಟದಲ್ಲಿ ಗನ್ ಸಿಕ್ಕಿಸುವ ಚೀಲ) ಸಮೇತ ಎತ್ತಿ ಇಡಿ. ಇಕ್ಕಟ್ಟಿನ ಕಾರಿನೊಳಗೆ ಬರಿಗನ್ ಮುಟ್ಟುತ್ತಾ ಗುಂಡು ಹಾರಿ ಗಾಯವಾಗುವುದು ಬೇಡ.

ಕೀ ಕಾರಿನಲ್ಲಿ ಬಿಡಬೇಡಿ. ಬಾಕ್ಸಿನ ಕೀಯೂ ಬೇಡ, ಕಾರಿನ ಸ್ಪೇರ್ ಕೀಯೂ ಬೇಡ. ಕಾರೇ ಹೋದರೆ ಬಾಕ್ಸೂ ಅದರ ಜೊತೆ ಹೋಗುತ್ತದೆ. ಹ್ಯುಂಡೈ, ಕಿಯಾ ಕಂಪನಿಗಳ ಕೆಲವು ಮಾಡೆಲ್‌ಗಳಲ್ಲಿ ಇಮ್ಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಕಾರು ಶುರುವಾಗದಂತೆ ತಡೆಯುವ ಸಾಧನ) ಇರಲಿಲ್ಲ. 2021ರ ನಂತರ ಅವು ಎಷ್ಟು ಕಳುವಾದವು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ನಿಮ್ಮದು ಅಂಥ ಕಾರಾದರೆ ಡೀಲರ್ ಹತ್ತಿರ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿ. ಸ್ಟಿಯರಿಂಗ್ ಲಾಕ್ ಬಳಸಿ. ಗನ್ನನ್ನಂತೂ ಅದರಲ್ಲಿ ಬಿಡಲೇಬೇಡಿ.

ಹೆಜ್ಜೆ 6: ನಿಮ್ಮ ಕಾರು ಏನು ಹೇಳುತ್ತಿದೆ ಅಂತ ಹೊರಗೆ ನಿಂತು ನೋಡಿ

ಒಂದು ಸಲ ಕಾರಿನ ಸುತ್ತ ನಿಧಾನವಾಗಿ ನಡೆಯಿರಿ. ಗನ್ ಕಂಪನಿಯ ಸ್ಟಿಕ್ಕರ್ ಇದೆಯಾ? ಹಿಂದಿನ ಸೀಟಿನ ಮೇಲೆ ಶೂಟಿಂಗ್ ರೇಂಜ್‌ಗೆ ಒಯ್ಯುವ ಬ್ಯಾಗ್, ಖಾಲಿ ಗುಂಡಿನ ಡಬ್ಬಿ, ಹೋಲ್ಸ್ಟರ್ ಬಿದ್ದಿದೆಯಾ? ಸ್ಟಿಕ್ಕರ್ ಇದ್ದರೆ ತೆಗೆದುಬಿಡಿ ಅಂತ ಎಷ್ಟೋ ಊರಿನ ಪೊಲೀಸರೇ ಹೇಳುತ್ತಾರೆ. ಸ್ಟಿಕ್ಕರ್ ನೋಡಿಯೇ ಎಲ್ಲಾ ಕಳ್ಳತನ ನಡೆಯುತ್ತದೆ ಅಂತ ಅಲ್ಲ. ಹಿಡಿ ಎಳೆಯುತ್ತಾ ಹೋಗುವವನು ಸ್ಟಿಕ್ಕರ್ ಓದುವುದಿಲ್ಲ. ಆದರೆ ಗಾಜು ಒಡೆಯಲೋ ಬೇಡವೋ ಅಂತ ನಿಂತವನಿಗೆ ಅದು ಒಂದು ಕಾರಣ ಆಗಬಹುದು. ನಾನು ನನ್ನ ಕಾರಿನದ್ದನ್ನು ತೆಗೆದೆ. ನೀವೂ ತೆಗೆಯಿರಿ, ಖರ್ಚಿಲ್ಲದ ಕೆಲಸ. ಫೇಸ್‌ಬುಕ್‌ನಲ್ಲಿ ಹೊಸ ಗನ್ ಹಿಡಿದು, ಹಿಂದೆ ಕಾರಿನ ನಂಬರ್ ಪ್ಲೇಟ್ ಕಾಣುವ ಫೋಟೋ ಹಾಕುವುದೂ ಬೇಡ.

ಹೆಜ್ಜೆ 7: ಸೀರಿಯಲ್ ನಂಬರ್ ಬರೆದಿಡಿ, ಇವತ್ತೇ

ನನ್ನ ಗೆಳೆಯರ ಹತ್ತಿರ ಅದು ಇರಲಿಲ್ಲ. ಪೊಲೀಸ್ ಬಂದು ಮೊದಲು ಕೇಳಿದ್ದೇ ಅದು. ಪೊಲೀಸರು ಕಳುವಾದ ಗನ್ನನ್ನು ಎನ್‌ಸಿಐಸಿ ಅನ್ನುವ ದೇಶದ ದಾಖಲೆಗೆ ಹಾಕಬೇಕಾದರೆ ಸೀರಿಯಲ್ ನಂಬರ್ ಬೇಕು. ಹಾಕಿದ್ದರೆ, ನಾಳೆ ಬೇರೆ ರಾಜ್ಯದಲ್ಲಿ ಅದು ಯಾರ ಹತ್ತಿರವೋ ಸಿಕ್ಕಾಗ ಕಳ್ಳಮಾಲು ಅಂತ ಗೊತ್ತಾಗುತ್ತದೆ. ಹಾಕದಿದ್ದರೆ? ಯಾವುದೋ ಅಪರಾಧದ ಜಾಗದಲ್ಲಿ ಗನ್ ಸಿಕ್ಕಿತು ಅಂದುಕೊಳ್ಳಿ. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಎಟಿಎಫ್ ಕೇಂದ್ರ ಅದರ ಜಾಡು ಹಿಡಿಯುತ್ತದೆ. ತಯಾರಿಸಿದ ಕಂಪನಿ, ಸಗಟು ವ್ಯಾಪಾರಿ, ಅಂಗಡಿ, ಕೊನೆಗೆ ಅಂಗಡಿಯಿಂದ ಮೊದಲು ಕೊಂಡವರು. ಅಂದರೆ ನೀವು. ಆಗ ‘ಅದು ಕಳುವಾಗಿತ್ತು’ ಅಂತ ಬಾಯಿಮಾತಿನಲ್ಲಿ ಹೇಳುವುದಕ್ಕೂ ದೂರಿನ ನಂಬರ್ ತೋರಿಸುವುದಕ್ಕೂ ವ್ಯತ್ಯಾಸ ಇದೆ.

ಎಟಿಎಫ್‌ನವರೇ ಇದಕ್ಕೆ ಒಂದು ಸರಳ ಹಾಳೆ ಕೊಡುತ್ತಾರೆ. ಅದರ ನಂಬರ್ ಪಿ 3312.8. ಕಂಪನಿ, ಮಾಡೆಲ್, ಕ್ಯಾಲಿಬರ್, ಸೀರಿಯಲ್ ನಂಬರ್ ತುಂಬಿ. ನಂಬರ್ ಕಾಣುವಂತೆ ಫೋಟೋ ತೆಗೆಯಿರಿ. ಮೊದಲು ಗುಂಡು ತೆಗೆದಿದೆ ಅಂತ ಎರಡು ಸಲ ನೋಡಿಕೊಳ್ಳಿ. ಹಾಳೆ ಮನೆಯಲ್ಲಿರಲಿ, ಕಾರಿನಲ್ಲಲ್ಲ. ನಂಬರ್ ಕಳೆದುಕೊಂಡಿದ್ದರೆ ಕೊಂಡ ಅಂಗಡಿಗೆ ಫೋನ್ ಮಾಡಿ ಕೇಳಿ. ಅವರ ದಾಖಲೆಯಲ್ಲಿ ಇರುತ್ತದೆ.

ಹೆಜ್ಜೆ 8: ಕಳುವಾದರೆ

ಬೆಳಿಗ್ಗೆ ಬಂದು ನೋಡಿದಾಗ ಕಾರು ತೆರೆದಿದೆ. ಒಳಗೆ ಕೈ ಹಾಕಬೇಡಿ. ಬೆರಳಚ್ಚು ಇರಬಹುದು. ಕಳ್ಳರು ಇನ್ನೂ ಅಲ್ಲೇ ಇದ್ದರೆ ಮನೆಯೊಳಗೆ ಹೋಗಿ 911ಕ್ಕೆ ಫೋನ್ ಮಾಡಿ. ಹೊರಗೆ ಹೋಗಿ ಎದುರಿಸಬೇಡಿ. ಈಗ ಅವರ ಕೈಯಲ್ಲಿ ನಿಮ್ಮದೇ ಗನ್ ಇದೆ. ಬ್ಯಾಗಿನಲ್ಲಿ ಏರ್‌ಟ್ಯಾಗ್ ಇತ್ತು, ಜಾಗ ತೋರಿಸುತ್ತಿದೆ ಅಂತ ನೀವೇ ಹುಡುಕಿಕೊಂಡು ಹೋಗಬೇಡಿ. ಆ ಜಾಗವನ್ನು ಪೊಲೀಸರಿಗೆ ತೋರಿಸಿ.

ಅವರು ಹೊರಟುಹೋಗಿದ್ದರೂ ತಡಮಾಡದೆ ದೂರು ಕೊಡಿ. ಕೊಡುವುದು ಊರಿನ ಪೊಲೀಸರಿಗೆ, ಎಟಿಎಫ್‌ಗೆ ಅಲ್ಲ. ಕೆಲವು ರಾಜ್ಯಗಳಲ್ಲಿ ಗಡುವು ಇದೆ. ನ್ಯೂಯಾರ್ಕ್‌ನಲ್ಲಿ 24 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 5 ದಿನ. ಗಡುವು ಇಲ್ಲದ ರಾಜ್ಯದಲ್ಲೂ ಅದೇ ದಿನ ಕೊಡಿ. ಲಾಕ್ ಮಾಡಿರಲಿಲ್ಲ ಅಂತ ಹೇಳಲು ನಾಚಿಕೆಯಾಗಬಹುದು. ಗೆಳೆಯರು ಅದಕ್ಕೇ ಅರ್ಧ ದಿನ ಸುಮ್ಮನೆ ಕೂತಿದ್ದರು. ಅಷ್ಟು ಹೊತ್ತಿಗೆ ಗನ್ ಎಲ್ಲಿಗೆ ಹೋಗಿತ್ತೋ.

ಎಲ್ಲರೂ ಮರೆಯುವ ಒಂದು ವಿಷಯ ಹೇಳುತ್ತೇನೆ. ಗ್ಲವ್ ಬಾಕ್ಸ್‌ನಲ್ಲಿ ಕಾರಿನ ರಿಜಿಸ್ಟ್ರೇಷನ್ ಇರುತ್ತದೆ. ಅದರಲ್ಲಿ ಮನೆ ವಿಳಾಸ ಇರುತ್ತದೆ. ಮುಂದಿನ ಕನ್ನಡಿಯ ಹತ್ತಿರ ಗ್ಯಾರೇಜ್ ಬಾಗಿಲಿನ ರಿಮೋಟ್ ಸಿಕ್ಕಿಸಿರುತ್ತೀರಿ. ಎರಡೂ ಒಟ್ಟಿಗೆ ಹೋದರೆ ಮನೆಯ ಬಾಗಿಲು ತೆರೆದ ಹಾಗೆ. ಕೂಡಲೇ ಗ್ಯಾರೇಜ್ ಮೋಟಾರಿನ ಹಳೆಯ ರಿಮೋಟ್‌ಗಳನ್ನೆಲ್ಲ ಅಳಿಸಿ. ಮೋಟಾರಿನ ಮೇಲೆಯೇ ಅದಕ್ಕೆ ಬಟನ್ ಇರುತ್ತದೆ. ಗ್ಯಾರೇಜಿನಿಂದ ಮನೆಯೊಳಗೆ ಬರುವ ಬಾಗಿಲಿಗೂ ಬೀಗ ಹಾಕಿ.

ಆಮೇಲೆ ಅಕ್ಕಪಕ್ಕದವರನ್ನು ಕ್ಯಾಮೆರಾ ದೃಶ್ಯ ಕೇಳಿ. ಹಳೆಯದು ತಾನಾಗಿ ಅಳಿಸಿಹೋಗುವ ಮುಂಚೆ ಕೇಳಿ. ವಿಮೆಯವರಿಗೆ ತಿಳಿಸಿ. ಕಾರಿನ ವಿಮೆಗಿಂತ ಮನೆಯ ಅಥವಾ ಬಾಡಿಗೆಯವರ ವಿಮೆಯಲ್ಲಿ ಇದಕ್ಕೆ ಜಾಗ ಇರುವುದು ಹೆಚ್ಚು.

ಹೆಜ್ಜೆ 9: ಗುಂಪಿನಲ್ಲಿ ಏನು ಬರೆಯಬೇಕು

ಫಾರ್ವರ್ಡ್ ಮಾಡಿದರೆ ಏನು ನಷ್ಟ, ಎಚ್ಚರ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಹಲವರು ಹೇಳುತ್ತಾರೆ. ಆ ಮಾತಿಗೆ ನಾನು ಎರಡು ಘಟನೆ ನೆನಪಿಸುತ್ತೇನೆ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಹತ್ತಿರ, ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿದ ಸುಳ್ಳನ್ನು ನಂಬಿ ಜನ ಒಂದು ಕಾರಿನವರ ಮೇಲೆ ಬಿದ್ದರು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಸತ್ತರು. ಅದಕ್ಕೂ ಮೊದಲು, 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಬೀದಿಯಲ್ಲಿ ನಡೆಯುತ್ತಿದ್ದರು. ‘ಅನುಮಾನ ಬರುವ ಮನುಷ್ಯ ಓಡಾಡುತ್ತಿದ್ದಾನೆ’ ಅಂತ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸ್ ಅವರನ್ನು ನೆಲಕ್ಕೆ ಕೆಡವಿದ. ಕತ್ತಿನ ಬೆನ್ನುಮೂಳೆಗೆ ಪೆಟ್ಟಾಗಿ ದೇಹ ಭಾಗಶಃ ಸ್ವಾಧೀನ ತಪ್ಪಿತು. ನಮ್ಮ ಅಪ್ಪ ಅಮ್ಮಂದಿರೂ ಇಲ್ಲಿಗೆ ಬಂದಾಗ ಬೆಳಿಗ್ಗೆ ಹೀಗೇ ವಾಕಿಂಗ್ ಹೋಗುತ್ತಾರೆ. ಬೀದಿಯವರೆಲ್ಲ ಹೆದರಿ ಕೂತಿದ್ದರೆ, ಗೊತ್ತಿಲ್ಲದ ಮುಖ ಕಂಡರೆ ಸಾಕು ಅನುಮಾನ ಬರುತ್ತದೆ.

ಹಾಗಾಗಿ ಬರೆಯುವಾಗ ಕಂಡದ್ದನ್ನು ಮಾತ್ರ ಬರೆಯಿರಿ. ಮೈಬಣ್ಣ, ಜಾತಿ, ದೇಶ ಸೇರಿಸಬೇಡಿ. ಅಂಥ ವಿವರ ಬೇಕಾದ್ದು ಪೊಲೀಸರಿಗೆ, ಗುಂಪಿಗಲ್ಲ. ಮೂಲ ಹೇಳಿ. ತಾರೀಖು ಹಾಕಿ. ಮೊದಲು ಮೆಸೇಜ್ ಹಾಕಿದವರನ್ನು ಎಲ್ಲರ ಮುಂದೆ ಬಯ್ಯಬೇಡಿ. ಅವರೂ ಕಾಳಜಿಯಿಂದಲೇ ಹಾಕಿರುತ್ತಾರೆ. ಬೇರೆಯಾಗಿ ಫೋನ್ ಮಾಡಿ ಹೇಳಿದರೆ ಕೇಳುತ್ತಾರೆ. ಗೆಳೆಯರು ಒಪ್ಪಿದ ಮೇಲೆ ನಾನು ಗುಂಪಿನಲ್ಲಿ ಹೀಗೆ ಹಾಕಿದೆ. ಬೇಕಾದರೆ ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ:

‘ಎಲ್ಲರಿಗೂ ನಮಸ್ಕಾರ. ಕೆಂಪು ದಾರದ ಮೆಸೇಜ್ ಬಗ್ಗೆ ನಮ್ಮ ಪೊಲೀಸ್ ಇಲಾಖೆಗೆ ಫೋನ್ ಮಾಡಿ ಕೇಳಿದೆ. ಅವರು ಅಂಥ ಎಚ್ಚರಿಕೆ ಕೊಟ್ಟಿಲ್ಲ. ಆದರೆ ನಮ್ಮಲ್ಲೇ ಒಬ್ಬರ ಕಾರಿನಿಂದ ಹೋದ ವಾರ ರಾತ್ರಿ ಗನ್ ಕಳುವಾಗಿದೆ. ಕಾರು ಮನೆ ಮುಂದೆಯೇ ಇತ್ತು, ಲಾಕ್ ಆಗಿರಲಿಲ್ಲ. ದಯವಿಟ್ಟು ರಾತ್ರಿ ಕಾರಿನಲ್ಲಿ ಗನ್ ಬಿಡಬೇಡಿ. ಲಾಕ್ ಬಾಕ್ಸ್ ಕಟ್ಟುವುದು ಗೊತ್ತಿಲ್ಲದಿದ್ದರೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬನ್ನಿ. ಗನ್ ಮನೆಯಲ್ಲೇ ಇರಲಿ, ಕಾರು ಮತ್ತು ಬಾಕ್ಸ್ ಮಾತ್ರ ತನ್ನಿ. ತಿಂಡಿಗೆ ಕಡುಬು ಇರುತ್ತದೆ.’

ಆ ಶನಿವಾರ ಏಳು ಕಾರು ಬಂದವು. ಅದರಲ್ಲಿ ನಾಲ್ವರ ಬಾಕ್ಸ್ ತಲೆದಿಂಬಿನ ಕಂಬಿಗೆ ಕಟ್ಟಿತ್ತು.